ತಣ್ಣಗಿರುವ ಬಲ್ಬು ಬೇರೆಯೇ ಲೆಕ್ಕ ಹೇಳುತ್ತದೆ

ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್ (ಕರೆಂಟಿನ ಹರಿವಿಗೆ ಇರುವ ತಡೆ, ಓಮ್‌ಗಳಲ್ಲಿ ಅಳೆಯುವುದು), ಗುಣಿಸಿದರೆ ಪವರ್ ಅಂತ ವಿದ್ಯುತ್ ಲೆಕ್ಕದ ಬಗೆಗಿನ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬಿಡಿಸಿ ಹೇಳಿದ್ದೀರಿ. ಆದರೆ ಉದಾಹರಣೆಗೆ ಹಳೇ ಕಾಲದ 100 ವ್ಯಾಟ್ ಬಲ್ಬು ತಗೊಂಡಿದ್ದೀರಲ್ಲ, ಅಲ್ಲೊಂದು ತಕರಾರು. 230 ವೋಲ್ಟಿಗೆ ಸುಮಾರು 0.43 ಆಂಪಿಯರ್, ಅಂದರೆ 529 ಓಮ್. ಲೆಕ್ಕ ಸರಿ. ಅದೇ ಬಲ್ಬನ್ನು ಹೋಲ್ಡರಿನಿಂದ ಬಿಚ್ಚಿ, ತಣ್ಣಗಾದ ಮೇಲೆ ರೆಸಿಸ್ಟೆನ್ಸ್ ಅಳೆಯುವ ಮಲ್ಟಿಮೀಟರ್ ಹಿಡಿದು ನೋಡಿ. 40 ಓಮ್ ಆಸುಪಾಸು ತೋರಿಸುತ್ತದೆ! ಮೀಟರ್ ಕೆಟ್ಟಿಲ್ಲ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ ಕಾದಷ್ಟೂ ರೆಸಿಸ್ಟೆನ್ಸ್ ಏರುತ್ತದೆ. ಸ್ವಿಚ್ ಹಾಕಿದ ಕ್ಷಣದಲ್ಲಿ ಕರೆಂಟ್ ಹತ್ತು ಪಟ್ಟಿಗೂ ಜಾಸ್ತಿ ನುಗ್ಗುವುದೂ, ಬಲ್ಬು ಹೆಚ್ಚಾಗಿ ಆಗಲೇ ಹೋಗುವುದೂ ಇದಕ್ಕೇ. ನೀರು ಕಾಯಿಸುವ ರಾಡ್ ಹೀಗಲ್ಲ, ಒಳಗಿರುವುದು ನೈಕ್ರೋಮ್ ಅಲ್ವಾ? ಕಾದರೂ ರೆಸಿಸ್ಟೆನ್ಸ್ ಅಷ್ಟಾಗಿ ಬದಲಾಗದ ಮಿಶ್ರಲೋಹ ಅದು. 1000 ವ್ಯಾಟಿನದಾದರೆ ತಣ್ಣಗಿದ್ದಾಗಲೂ ಲೆಕ್ಕಕ್ಕೆ ಬರುವಷ್ಟೇ, ಹೆಚ್ಚುಕಮ್ಮಿ 53 ಓಮ್. ಮಕ್ಕಳು ಮೀಟರಿನಲ್ಲೂ ತಾಳೆ ನೋಡಬಹುದು, ಪ್ಲಗ್ ಕಿತ್ತು ಮಾತ್ರ.