ಸತ್ಯಾಂಶ: ಹಾಲುಣಿಸಿದರೆ ತಾಯಿಯ ಕೂದಲು ಉದುರುತ್ತಾ?

"ಹಾಲುಣಿಸಿದರೆ ತಾಯಿಯ ಸತ್ವವೆಲ್ಲ ಇಳಿದು ಕೂದಲು ಉದುರುತ್ತೆ, ಮೂರು ತಿಂಗಳಿಗೇ ಹಾಲು ಬಿಡಿಸಿ." ಹಾಸನದ ಕಡೆ ವಾಟ್ಸಾಪ್‌ನಲ್ಲಿ ಹೀಗೊಂದು ಮೆಸೇಜ್ ಓಡಾಡುತ್ತಿದೆ. ಇದು ನಿಜವಲ್ಲ. ದಯವಿಟ್ಟು ಇದನ್ನು ನಂಬಿ ಹಾಲು ಬಿಡಿಸಬೇಡಿ.

ಕೂದಲು ಉದುರುವುದಂತೂ ನಿಜ. ಬಾಚಣಿಗೆ ತುಂಬಾ ಕೂದಲು, ಬಚ್ಚಲ ತೂತಿನಲ್ಲಿ ಉಂಡೆ ಉಂಡೆ. ನೋಡಿದರೆ ಯಾರಿಗಾದರೂ ಗಾಬರಿಯಾಗುತ್ತೆ ಅಲ್ವಾ? ಆದರೆ ಕಾರಣ ಹಾಲಲ್ಲ, ಹಾರ್ಮೋನು. ಮಾಮೂಲಿಯಾಗಿ ನಮ್ಮೆಲ್ಲರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ಬಸುರಿಯಲ್ಲಿ ಈಸ್ಟ್ರೋಜೆನ್ ಜಾಸ್ತಿ ಇರುವುದರಿಂದ ಅವು ಉದುರದೆ ನಿಲ್ಲುತ್ತವೆ. ಆಗ ಜಡೆ ದಪ್ಪ ಕಾಣುವುದು ಅದಕ್ಕೇ. ಹೆರಿಗೆಯಾದ ಮೇಲೆ ಈ ಹಾರ್ಮೋನು ಇಳಿಯುತ್ತೆ. ಎರಡು ಮೂರು ತಿಂಗಳಲ್ಲಿ, ತಡೆದು ನಿಂತಿದ್ದ ಕೂದಲೆಲ್ಲ ಒಟ್ಟಿಗೆ ಉದುರುತ್ತೆ. ಹಾಲುಣಿಸದ ತಾಯಂದಿರಿಗೂ ಹೀಗೇ ಆಗುತ್ತೆ. ಬೇರು ಸತ್ತಿರುವುದಿಲ್ಲ. ಹೆಚ್ಚಿನವರಿಗೆ ಮಗುವಿಗೆ ವರ್ಷ ತುಂಬುವಷ್ಟರಲ್ಲಿ ಸರಿಹೋಗುತ್ತೆ. ಹಣೆಯಂಚಿನಲ್ಲಿ ಎದ್ದು ನಿಲ್ಲುವ ಗಿಡ್ಡ ಕೂದಲು ಹೊಸದಾಗಿ ಹುಟ್ಟಿದ್ದು.

ಬಾಣಂತಿಗೆ ಸೊಪ್ಪು, ಬೇಳೆ, ಮೊಟ್ಟೆ ತಪ್ಪಿಸುವ ಪಥ್ಯ ಮಾತ್ರ ನನಗೆ ಒಪ್ಪಿಗೆಯಿಲ್ಲ. ಆರು ತಿಂಗಳು ಮಗುವಿಗೆ ಎದೆಹಾಲೊಂದೇ ಆಹಾರ, ತಾಯಿ ಚೆನ್ನಾಗಿ ತಿನ್ನಲೇಬೇಕು. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನೂ ಸುಮ್ನೆ ನಿಲ್ಲಿಸಬೇಡಿ.

ವರ್ಷವಾದರೂ ಉದುರುತ್ತಿದ್ದರೆ, ಬೈತಲೆ ಅಗಲವಾಗುತ್ತಿದ್ದರೆ, ತುಂಬಾ ಸುಸ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ರಕ್ತಹೀನತೆ, ಥೈರಾಯ್ಡ್ ಇದೆಯೇ ಎಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತೆ. ಹಾಲುಣಿಸುತ್ತಿರುವುದನ್ನು ಅವರಿಗೆ ಮೊದಲೇ ಹೇಳಿ, ಔಷಧಿಯನ್ನು ಅದಕ್ಕೆ ತಕ್ಕಂತೆ ಬರೆದುಕೊಡುತ್ತಾರೆ.