ದಿಲ್‌ಪಸಂದಿನ ತುದಿ

ಈ ಭಾನುವಾರವೂ ನನ್ನ ದಿಲ್‌ಪಸಂದಿನ ತುದಿ ರಾಯರ ಪಾಲಾಯಿತು. ಓಡಿ ಬೆವರು ಸುರಿಸಿದವನು ನಾನು, ದುಡ್ಡು ಕೊಟ್ಟವನೂ ನಾನು. ತುದಿ ಮಾತ್ರ ಅವರದು.

ಬಸವನಗುಡಿಯ ಕಡೆ ಓಡುವವರಿಗೆ ಇದನ್ನೆಲ್ಲ ವಿವರಿಸಬೇಕಾಗಿಲ್ಲ. ಲಾಲ್‌ಬಾಗಿನ ಪಶ್ಚಿಮ ದ್ವಾರದಿಂದ ಹೊರಬಿದ್ದು, ಗಾಂಧಿ ಬಜಾರು ದಾಟಿ, ಏದುಸಿರು ಬಿಡುತ್ತ ಕಹಳೆ ಬಂಡೆಯನ್ನು ಸುತ್ತಿ ಬರುವಷ್ಟರಲ್ಲಿ ಯಾವುದೋ ಅಡ್ಡರಸ್ತೆಯಿಂದ ಬನ್ನು ಬೇಯುವ ವಾಸನೆ ಬಂದು ಮೂಗು ಹಿಡಿದು ಎಳೆಯುತ್ತದೆ. ಹೊಟ್ಟೆ ಕರಗಿಸಲು ಹೊರಟವರ ದಾರಿಯಲ್ಲೇ ಇಷ್ಟೊಂದು ಅಯ್ಯಂಗಾರ್ ಬೇಕರಿಗಳಿರುವುದು ಈ ಊರಿನ ಹಳೆಯ ಕುಚೋದ್ಯ. ಹಾಸನದಿಂದ ಬಂದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ಅಂಗಡಿ ತೆರೆದಾಗ, ಮುಂದೊಂದು ದಿನ ಚಡ್ಡಿ ತೊಟ್ಟ ನಡುವಯಸ್ಕರು ಬೆಳಗಾಗುವುದರೊಳಗೆ ಬೇಕರಿಗಳ ಬಾಗಿಲಲ್ಲಿ ಮೊಣಕಾಲು ಹಿಡಿದು ನಿಲ್ಲುತ್ತಾರೆಂದು ಕನಸಿನಲ್ಲೂ ಎಣಿಸಿರಲಾರರು.

ಲೆಕ್ಕ ನಮಗೆಲ್ಲ ಬಾಯಿಪಾಠ. ದೇಹತೂಕದ ಪ್ರತಿ ಕಿಲೋಗೆ, ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು ಕ್ಯಾಲೊರಿ. 70 ಕಿಲೋದ ಆಸಾಮಿ 5 ಕಿಲೋಮೀಟರು ಓಡಿದರೆ ಖರ್ಚು ಸುಮಾರು 350. ಬೆಣ್ಣೆ ಸವರಿದ ಖಾರಾ ಬನ್ನು, ಮೇಲೊಂದು ಹನಿ ಕೇಕು ತಿಂದರೆ ಅಷ್ಟೂ ನಿಂತಲ್ಲೇ ಮರಳಿ ಜಮಾ. ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ರಾಯರ ಬಗ್ಗೆ.

ರಾಯರು ಸಕ್ಕರೆ ಬಿಟ್ಟವರು, ಮೈದಾ ಬಿಟ್ಟವರು. "ನನಗೇನೂ ಬೇಡಪ್ಪ" ಎಂದು ಬೇಕರಿಯ ಮುಂದೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತಾರೆ. ನಮ್ಮ ಕೈಗೆ ತಿಂಡಿ ಬಂದ ತಕ್ಷಣ ಆ ಕೈಗಳು ಬಿಚ್ಚಿಕೊಳ್ಳುತ್ತವೆ. "ರುಚಿಗೆ, ಒಂದೇ ಒಂದು ಚೂರು." ಎಲ್ಲಿಯ ಚೂರು? ದಿಲ್‌ಪಸಂದಿನ ತ್ರಿಕೋನದಲ್ಲಿ ಅಗಲವಾದ ಕಡೆ ಇರುವುದು ಬರೀ ಹಿಟ್ಟಿನ ಅಂಚು, ಒಣ ಒಣ. ಒಳಕ್ಕೆ ಹೋದಂತೆ ಕೊಬ್ಬರಿ, ಸಕ್ಕರೆ, ಕೆಂಪು ಹಸಿರು ಟೂಟಿ ಫ್ರೂಟಿ ದಟ್ಟವಾಗುತ್ತವೆ. ತಿನ್ನಲು ಬಲ್ಲವನು ಅಂಚಿನಿಂದ ಶುರುಮಾಡಿ ತುದಿಯನ್ನು ಕೊನೆಗೆ ಉಳಿಸಿಕೊಳ್ಳುತ್ತಾನೆ. ರಾಯರು ಹೆಬ್ಬೆರಳು, ತೋರುಬೆರಳು ಕೂಡಿಸಿ ಆ ತುದಿಯನ್ನೇ ಮುರಿಯುತ್ತಾರೆ. ಹೂರಣ ಪೂರ್ತಿ ಅವರ ಕಡೆಗೆ ಬರುತ್ತದೆ, ಪುಡಿ ನನ್ನ ಬೂಟಿನ ಮೇಲೆ ಉದುರುತ್ತದೆ. ಆಮೇಲೆ ಪಕ್ಕದವರ ಪಲ್ಯದ ಬನ್ನಿನ ನಡುಭಾಗ. ಅದರಾಚೆಯವರ ಹನಿ ಕೇಕಿನ ಮೇಲಿನ ಜಾಮು. ಕೂಡಿಸಿ ನೋಡಿದರೆ ನಮ್ಮೆಲ್ಲರಿಗಿಂತ ಹೆಚ್ಚು ತಿಂದವರು ಅವರೇ, ಆದರೂ ಅವರ ಲೆಕ್ಕದಲ್ಲಿ ಅವರದು ನಿರಾಹಾರ. "ನೀವೂ ಬಾಯಿಚಪಲ ಬಿಡಬೇಕು, ನೋಡಿ" ಎಂದು ನಮಗೇ ಉಪದೇಶ. ಮೀಸೆಯ ಮೇಲೆ ಕೊಬ್ಬರಿ.

ಕಳೆದ ವಾರ ಉಪಾಯ ಹೂಡಿ ಅವರಿಗೂ ಒಂದು ದಿಲ್‌ಪಸಂದ್ ಕೊಡಿಸಿದೆ. "ಅಯ್ಯೋ, ಇದೆಲ್ಲ ಯಾಕೆ? ಇರಲಿ, ಮೊಮ್ಮಗಳಿಗೆ ಆಯಿತು" ಎಂದು ಅದನ್ನು ಕಟ್ಟಿಸಿಕೊಂಡು, ನನ್ನದರ ತುದಿ ಮುರಿದರು.

ನಮ್ಮ ಬಾಲ್ಯದಲ್ಲಿ ಮನೆಗೆ ಬ್ರೆಡ್ಡು ಬರುತ್ತಿದ್ದುದು ಯಾರಿಗಾದರೂ ಜ್ವರ ಬಂದಾಗ. ಅಮ್ಮ ಬಿಸಿ ಹಾಲಿನಲ್ಲಿ ಅದ್ದಿ ಕೊಡುತ್ತಿದ್ದಳು. ಜ್ವರವಿಲ್ಲದ ತಮ್ಮ ಹಾಸಿಗೆಯ ಪಕ್ಕ ಕೂತು ತನ್ನ ಹಣೆಯನ್ನೇ ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಈಗ ಅವನಿರುವುದು ಜರ್ಮನಿಯಲ್ಲಿ. ಮನೆಯ ಕೆಳಗೇ ಬೇಕರಿಯಂತೆ, ಲೆಕ್ಕವಿಲ್ಲದಷ್ಟು ಬಗೆಯ ಬ್ರೆಡ್ಡಂತೆ. ಫೋನಿನಲ್ಲಿ ಅವನು ಕೇಳುವುದು ಮಾತ್ರ ಖಾರಾ ಬನ್ನಿನ ವಿಚಾರ. ಅವನಾಗಿದ್ದರೆ ತುದಿಯೇನು, ಇಡೀ ತ್ರಿಕೋನವನ್ನೇ ಕೊಟ್ಟುಬಿಡುತ್ತಿದ್ದೆ.

ರಾಯರಿಗೆ ಕೊಡಲಾರೆ. ಮುಂದಿನ ಭಾನುವಾರ ನಿಪ್ಪಟ್ಟು ಕೊಳ್ಳುವುದೆಂದು ತೀರ್ಮಾನಿಸಿದ್ದೇನೆ, ಇರುವುದರಲ್ಲೇ ಗಟ್ಟಿಯಾದದ್ದನ್ನು ಆರಿಸಿ. ರಾಯರು ಮೊನ್ನೆಯಷ್ಟೇ ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡಿದ್ದಾರೆ.