ಬಂಡೆ ಮಾತ್ರ ನಂದಾ?

"ನೋಟಿಸ್ ಎಲ್ಲಿದೆ ಸಾರ್?" ಮಧ್ಯಾಹ್ನದಿಂದ ಇದೊಂದೇ ಮಾತು ತಲೆಯೊಳಗೆ ಗಿರ್ ಅಂತ ತಿರುಗ್ತಾ ಇದೆ. ನಾನು ಕಾಂಟ್ರ್ಯಾಕ್ಟರ್. ಗುಂಡಿ ತೋಡುವಾಗ ಸಿಕ್ಕ ಬಂಡೆ ಒಡೆಸಿದ್ದಕ್ಕೆ ದುಡ್ಡು ಕೇಳಿದ್ರೆ, ಮಾಲೀಕರ ಕಡೆಯವರು ಕೇಳಿದ್ದು ಇದು.

ಆ ಬಂಡೆ ನಾನು ತಂದು ಹೂತಿಟ್ಟಿದ್ದಾ? 6 ಮೀಟರ್‌ವರೆಗೂ ಮೆತ್ತನೆ ಮಣ್ಣು ಅಂತ ರಿಪೋರ್ಟ್ ಕೊಟ್ಟೋರು ಅವರು. ಎರಡೂವರೆ ಮೀಟರಿಗೇ ಅಗೆಯೋ ಯಂತ್ರದ ಬಕೆಟ್ಟಿನ ಹಲ್ಲು ಮುರೀತು. ಬ್ರೇಕರ್ ತರಿಸಿ 19 ದಿನ ಒಡೆಸಿದೆ. "ಒಡೆಸ್ರಿ, ಆಮೇಲೆ ನೋಡ್ಕೊಳ್ಳೋಣ" ಅಂದಿದ್ದು ಅವರ ಎಂಜಿನಿಯರ್ರೇ. ಗುಂಡಿ ಅಂಚಲ್ಲಿ ನಿಂತು, ನನ್ನ ಹೆಗಲ ಮೇಲೆ ಕೈ ಹಾಕಿ.

ಇವತ್ತು ಅದೇ ಮನುಷ್ಯ ಎದುರಿಗೆ ಕೂತು ಪೆನ್ನಿನ ಕ್ಯಾಪು ಹಾಕ್ತಾ ತೆಗೀತಾ ಇದ್ರು. ಅವರ ಲಾಯರು, ಶೂಗೆ ಒಂದು ಹನಿ ಸಿಮೆಂಟ್ ಹಾಲು ಸೋಕದ ಹುಡುಗ, ಕಾಂಟ್ರ್ಯಾಕ್ಟ್ ನನ್ನ ಕಡೆ ತಿರುಗಿಸಿ 20.1ನೇ ಕಲಮು ಓದಿ ಅಂದ. ಜೋರಾಗಿ. ಸ್ಕೂಲ್ ಹುಡುಗನ ಥರ ಓದಿದೆ. ಫಿಡಿಕ್ ಅನ್ನೋ ಸಲಹಾ ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಒಕ್ಕೂಟದ 1999ರ ಕೆಂಪು ಪುಸ್ತಕ, ಅಂದ್ರೆ ಕಾಮಗಾರಿಗಳ ಮಾದರಿ ಒಪ್ಪಂದ; ನಮ್ಮ ಕಾಂಟ್ರ್ಯಾಕ್ಟು ಅದರ ಮೇಲೇ. ವಿಷಯ ಗೊತ್ತಾದ 28 ದಿನದೊಳಗೆ ನೋಟಿಸ್ ಕೊಡದೇ ಇದ್ರೆ ಹೆಚ್ಚುವರಿ ಸಮಯವೂ ಇಲ್ಲ, ದುಡ್ಡೂ ಇಲ್ಲ, ಮಾಲೀಕರ ಹೊಣೆ ಅಲ್ಲಿಗೆ ಮುಗೀತು. "ಹೊಣೆ ಮುಗೀತು" ಅನ್ನೋ ಹೊತ್ತಿಗೆ ಗಂಟಲು ಕೈಕೊಡ್ತು. ಕೆಮ್ಮು ಬಂದ ಹಾಗೆ ಮಾಡಿದೆ. "ನಿಮ್ಮ ನೋಟಿಸ್ ಎಷ್ಟನೇ ದಿನದ್ದು?" 28ರೊಳಗಿನದು ಇಲ್ಲ ಅಂತ ಗೊತ್ತಿದ್ರೂ ಫೈಲು ತಿರುವಿದೆ. ಹಾಳೆ ಮಗುಚೋ ಸದ್ದು ಬಿಟ್ರೆ ರೂಮಲ್ಲಿ ಏನೂ ಇಲ್ಲ. "41" ಅಂದೆ. ಹಿಂದಿನಿಂದ ಯಾರೋ ನಕ್ರು. ಎಂಜಿನಿಯರ್ ನಗಲಿಲ್ಲ, ಕ್ಯಾಪು ನೋಡ್ತಿದ್ರು. ನಕ್ಕಿದ್ರೇ ವಾಸಿ ಇತ್ತು.

ಆ ನೋಟಿಸ್ ಕೊಡಬೇಕಾದ್ದು ಯಾರಿಗೆ ಗೊತ್ತಾ? ಎಂಜಿನಿಯರಿಗೆ! ಬಂಡೆ ಮೇಲೆ ನಿಂತಿದ್ದ ಮನುಷ್ಯನಿಗೆ "ಸ್ವಾಮಿ, ಬಂಡೆ ಇದೆ" ಅಂತ ಕಾಗದ ಕೊಡಬೇಕಿತ್ತು. ಸೈಟ್ ಡೈರಿಯಲ್ಲಿ ದಿನಾ ಬರೆದಿದ್ದೀನಿ ಅಂದ್ರೆ, ಡೈರಿ ನೋಟಿಸ್ ಅಲ್ವಂತೆ.

ಮೊದಲೇ ಊಹಿಸೋಕಾಗದ ನೆಲ ಸಿಕ್ರೆ ಸಮಯ, ಖರ್ಚು ಎರಡೂ ಕೇಳಬಹುದು ಅಂತ ಅದೇ ಪುಸ್ತಕದ 4.12 ಹೇಳುತ್ತೆ. ಅದನ್ನ ಯಾರೂ ನನ್ನ ಕೈಲಿ ಓದಿಸಲಿಲ್ಲ. ಓದಿಸಿದ್ರೂ ಏನು, ಅದೂ ಕೊನೆಗೆ 20.1ರ ಬಾಗಿಲಿಗೇ ಹೋಗಿ ನಿಲ್ಲುತ್ತೆ. ಬಿಡಿ, ತಪ್ಪು ನಂದೇ. ಅದೇ ಪುಸ್ತಕದ ಪ್ರಕಾರ, ಎಂಜಿನಿಯರ್ ಕೊಟ್ಟ ಬಾಯಿಮಾತಿನ ಆದೇಶವನ್ನ ನಾವು ಎರಡು ಕೆಲಸದ ದಿನದೊಳಗೆ ಬರೆದು ಖಚಿತ ಮಾಡಿದ್ರೆ, ಅವರು ಇನ್ನೆರಡು ಕೆಲಸದ ದಿನ ಉತ್ತರ ಕೊಡದಿದ್ರೆ ಅದೇ ಲಿಖಿತ ಆದೇಶ ಆಗುತ್ತೆ. ಒಂದು ಸಾಲಿನ ಈಮೇಲು. ಹೆಗಲ ಮೇಲೆ ಕೈ ಹಾಕಿದವರಿಗೆ ಅದನ್ನ ಹೇಗಪ್ಪಾ ಕಳಿಸೋದು ಅಂತ ಸಂಕೋಚ ನನಗೆ. ಸಂಕೋಚಕ್ಕೆ ಬೆಂಕಿ ಹಾಕ!

ಅದೂ 28 ದಿನ! ನಗು ಬರುತ್ತೆ. 20 ವರ್ಷದಿಂದ ಕಾಂಕ್ರೀಟ್ ಕ್ಯೂಬುಗಳನ್ನ 7ನೇ ದಿನ, 28ನೇ ದಿನ ಒಂದನ್ನೂ ತಪ್ಪಿಸದೆ, ಗಟ್ಟಿತನ ನೋಡೋಕೆ ಪ್ರೆಸ್ ಯಂತ್ರಕ್ಕೆ ಕೊಟ್ಟು ಒಡೆಸಿದವನು ನಾನು. ಕ್ಯೂಬಿನ ಮೇಲೆ ತಾರೀಖು ಗೀಚೋ ಕೈಗೆ ಟೈಮಿಗೆ ಒಂದು ಪತ್ರ ಗೀಚೋಕಾಗಲಿಲ್ಲ.

ಈಗ ಒಡೆದ ಕೂಲಿಯೂ ಇಲ್ಲ, ಮೇಲಿಂದ ತಡ ಆಯ್ತು ಅಂತ ಬಿಲ್ಲಲ್ಲಿ ದಿನಕ್ಕಿಷ್ಟು ದಂಡ ಹಿಡೀತಾರೆ. ಯಾರಾದ್ರೂ ಹೇಳ್ರಪ್ಪಾ: ನೆಲ ಅವರದು, ರಿಪೋರ್ಟ್ ಅವರದು, ಬಂಡೆ ಮಾತ್ರ ನಂದಾ? ಆರ್ಬಿಟ್ರೇಶನ್‌ಗೆ, ಅಂದ್ರೆ ಕೋರ್ಟಿನ ಹೊರಗೆ ತೀರ್ಪು ಕೊಡೋ ಮಧ್ಯಸ್ಥರ ಹತ್ರ, ಹೋಗೇ ಹೋಗ್ತೀನಿ. ಹೋಗಿ ಏನು ತೋರಿಸ್ತೀನೋ.

ಈಗಷ್ಟೇ ಎಂಜಿನಿಯರ್ ಮೆಸೇಜು ಬಂತು: "ಬೇಜಾರು ಮಾಡ್ಕೋಬೇಡಿ ಸಾರ್." ಇದೊಂದನ್ನಾದ್ರೂ ಬರವಣಿಗೆಯಲ್ಲಿ ಕೊಟ್ರಲ್ಲ.